ಎರಡಕ್ಕೆ ಕೂಡಿದ್ದು ಮೂರಕ್ಕೆ ಕೂಡಲಿಲ್ಲ

ಬಳಪ ಪಾಟಿಯ ಮೇಲೆ ಓಡುವ ಸದ್ದು. ಕಿರಕ್, ಕಿರಕ್, ನಡುವೆ ಒಂದು ಉದ್ದನೆಯ ಕಿರ್ರ್. ಅದರ ಬೆನ್ನಿಗೇ ಒದ್ದೆ ಬಟ್ಟೆ ಸವರುವ ಸಪ್ಪಳ. ಆ ಕಾಲದಿಂದ ನನ್ನ ಕಿವಿಯಲ್ಲಿ ಉಳಿದದ್ದು ಇವೆರಡೇ. ಬಳಪದ ಸದ್ದು ಕೇಳಿದರೆ ಈಗಲೂ ಏನೋ ಆಸೆ ಮೂಡುತ್ತದೆ. ಒದ್ದೆ ಬಟ್ಟೆಯದು ಕೇಳಿದರೆ ತಡೆಯಲು ಕೈ ಮುಂದಾಗುತ್ತದೆ. ಕೆಲಸದವಳು ನೆಲ ಒರೆಸುವಾಗ ಕೂಡ, ಬಿಲೀವ್ ಮಿ.

ಸದ್ದು ಬರುತ್ತಿದ್ದದ್ದು ಸವಣೂರಿನಲ್ಲಿ, ನನ್ನ ಗೈಡ್ ಸರ್ ಮನೆಯ ಪಡಸಾಲೆಯಿಂದ. ಅವರು ಧಾರವಾಡದಲ್ಲಿ ಗಣಿತ ಕಲಿಸಿ ರಿಟೈರ್ ಆಗಿ ತಮ್ಮೂರಿಗೆ ಮರಳಿದ್ದರು. ಮನೆಯಲ್ಲಿ ಅವರು, ಅವರ ವಿಧವೆ ಅಕ್ಕ, ಇಬ್ಬರೇ. ಅವರ ತಂದೆ ಪಂಚಾಂಗದ ಲೆಕ್ಕ ಹಾಕುತ್ತಿದ್ದವರು, ಪಾಟಿಯ ಮೇಲೆ. ಸರ್ ಕೂಡ ಹಾಗೆಯೇ. ಎಂಥ ದೊಡ್ಡ ಲೆಕ್ಕವಿದ್ದರೂ ಪಾಟಿಯ ಮೇಲೆ ಮಾಡುವುದು, ಸರಿ ಬಂತೋ ಕೊನೆಯ ಸಾಲನ್ನಷ್ಟೇ ಹಾಳೆಗೆ ಇಳಿಸುವುದು, ಉಳಿದದ್ದನ್ನು ಒರೆಸುವುದು. "ಹಾದಿ ಇಟಗೊಂಡು ಏನು ಮಾಡ್ತಿ? ಊರು ಮುಟ್ಟಿದ್ವಿ ಅಂದ್ರ ಆತು," ಎನ್ನುತ್ತಿದ್ದರು. ಬೆಳಗಾವಿಯ ಕಾನ್ವೆಂಟಿನಲ್ಲಿ ಕೆಂಪು ಮಾರ್ಜಿನ್ ಗೆರೆ ಎಳೆದು, ಪ್ರತಿ ಮೆಟ್ಟಿಲನ್ನೂ ಬರೆದು ತೋರಿಸಿ ಬೆಳೆದ ನನಗೆ ಇದು ವಿಚಿತ್ರವಾಗಿತ್ತು. ಆದರೆ ಅವರ ಉತ್ತರಗಳು ತಪ್ಪುತ್ತಿರಲಿಲ್ಲ.

ನಾನು ಆಗ ಹಾನಗಲ್ಲಿನ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದೆ. ಎಂಬತ್ತರ ದಶಕದ ಮೊದಲ ವರ್ಷಗಳು. ನೌಕರಿಯ ಜೊತೆಗೇ ಪಿಎಚ್.ಡಿ.ಗೆ ಹೆಸರು ಹಚ್ಚಿದ್ದೆ. ಅವಧಿ ಮುಗಿದಿತ್ತು, ಹೆಚ್ಚುವರಿ ಅವಧಿಯೂ ಮುಗಿದಿತ್ತು. ಕೊನೆಗೆ ವಿಶ್ವವಿದ್ಯಾಲಯದವರು ಇದೇ ಕಡೆಯದು ಎಂದು ಏಪ್ರಿಲ್ ಕೊನೆಯ ತನಕ ಕೊಟ್ಟಿದ್ದರು. ಅಷ್ಟರೊಳಗೆ ಥೀಸಿಸ್ ಒಪ್ಪಿಸದಿದ್ದರೆ ನೋಂದಣಿ ರದ್ದು. ರಿಟೈರ್ ಆದ ಗೈಡ್ ಕೈಕೆಳಗೆ ಹೊಸ ನೋಂದಣಿ ಸಿಗುವುದಿಲ್ಲ. ಈ ವಿಷಯ ಬಲ್ಲ ಇನ್ನೊಬ್ಬ ಗೈಡ್ ನಮ್ಮ ಸೀಮೆಯಲ್ಲಿರಲಿಲ್ಲ. ಸೋ, ಏಪ್ರಿಲ್ ಅಂದರೆ ಏಪ್ರಿಲ್. ತಪ್ಪಿದರೆ ಅಷ್ಟೂ ವರ್ಷದ ಕೆಲಸ ನೀರಿಗೆ.

ಕೆಲಸ ಏನೆಂದು ಹೇಳದೆ ಮುಂದೆ ಹೋಗುವುದು ನ್ಯಾಯವಲ್ಲ. ಒಂದು ಚೌಕ ಮ್ಯಾಟ್ರಿಕ್ಸಿನ ಕರ್ಣದ ಮೇಲಿರುವ ಸಂಖ್ಯೆಗಳನ್ನು ಕೂಡಿಸಿದರೆ ಬರುವುದು ಟ್ರೇಸ್. ಅದರ ಐಗೆನ್ ಬೆಲೆಗಳನ್ನು ಕೂಡಿಸಿದರೂ ಅದೇ ಬರುತ್ತದೆ. ಮೊತ್ತ ಒಂದೇ, ಎಣಿಸುವ ದಾರಿ ಎರಡು. ಟ್ರೇಸ್ ಫಾರ್ಮುಲಾ ಎನ್ನುವುದು ಇದರ ದೊಡ್ಡಣ್ಣ. ಒಂದು ಕಡೆ ಗ್ರೂಪಿನ ಸದಸ್ಯರನ್ನು ವರ್ಗ ವರ್ಗವಾಗಿ ಎಣಿಸುತ್ತೇವೆ. ಇನ್ನೊಂದು ಕಡೆ ಆ ಗ್ರೂಪಿಗೆ ಸಂಬಂಧಿಸಿದ ಆಟೊಮಾರ್ಫಿಕ್ ಫಾರ್ಮುಗಳನ್ನು, ಒಂದು ತಂತಿ ಹೊರಡಿಸಬಲ್ಲ ಸ್ವರಗಳನ್ನು ಎಣಿಸಿದ ಹಾಗೆ, ಎಣಿಸುತ್ತೇವೆ. ಸ್ವರಗಳು ಸುಲಭಕ್ಕೆ ಕೈಗೆ ಸಿಗುವುದಿಲ್ಲ, ವರ್ಗಗಳು ಸಿಗುತ್ತವೆ. ಎರಡು ಬೇರೆ ಬೇರೆ ಗ್ರೂಪುಗಳ ವರ್ಗಗಳ ಲೆಕ್ಕ ಸರಿಹೊಂದಿತೆಂದರೆ ಅವುಗಳ ಸ್ವರಗಳೂ ಹೊಂದಲೇಬೇಕು. ನನ್ನ ಥೀಸಿಸ್ಸಿನ ಜೀವವೇ ಅದು.

ಎರಡು ಗ್ರೂಪುಗಳಲ್ಲಿ ಒಂದು ಸಾಧಾರಣದ್ದು. ಇನ್ನೊಂದು ಅದರ ಮೇಲೆ ಹೊದಿಸಿದ ಕವರಿಂಗ್ ಗ್ರೂಪ್, ಕೆಳಗಿನ ಒಬ್ಬೊಬ್ಬ ಸದಸ್ಯನ ನೆತ್ತಿಯ ಮೇಲೆ ಮೂವರು ನಿಂತ ಹಾಗೆ. ಇದನ್ನು ನಾನು ಸರ್ ಅವರ ಅಕ್ಕನಿಗೆ ಒಮ್ಮೆ ವಿವರಿಸಿದ್ದೆ. ಅವರ ಮನೆಯ ಹಿಂದಿನ ಹತ್ತಿ ಜಿನ್ನಿಂಗ್ ಫ್ಯಾಕ್ಟರಿಯಲ್ಲಿ ಸುಗ್ಗಿಯ ದಿನಗಳಲ್ಲಿ ಎಂಟೆಂಟು ತಾಸಿನ ಮೂರು ಪಾಳಿ. ಪ್ರತಿ ಪಾಳಿಗೆ ಭೋಂಗಾ, ಅಂದರೆ ಸೈರನ್, ಕೂಗುತ್ತಿತ್ತು. "ನೋಡ್ರಿ ಅವ್ವಾರ, ಪಾಳಿಯ ಎರಡನೇ ತಾಸು ಅಂದ್ರ ಯಾವ ಹೊತ್ತು?" ಎಂದೆ.

"ಯಾವ ಪಾಳಿ ಅಂತ ಹೇಳದ ಹ್ಯಾಂಗ ಗೊತ್ತಾಗಬೇಕು?"

"ಅದ ಮಾತು. ಪಾಳಿಯ ಗಡಿಯಾರ ಕೆಳಗಿಂದು. ಇಡೀ ದಿನದ ಗಡಿಯಾರ ಅದರ ಮ್ಯಾಲಿಂದು. ಕೆಳಗ ಎರಡು ಅಂದ್ರ ಮ್ಯಾಲೆ ಎರಡು, ಹತ್ತು, ಹದಿನೆಂಟು. ಮೂರು ಮಂದಿ."

ಅವರು ತಮ್ಮನ ಕಡೆ ತಿರುಗಿ, "ಇಷ್ಟಕ್ಕ ನೀ ಹತ್ತು ವರ್ಷ ಪಾಟಿ ಒರಸಿದೇನೋ ತಮ್ಮಾ? ನಮ್ಮ ಭೋಂಗಾದಂವನ ಕೇಳಿದ್ದರ ಹೇಳ್ತಿದ್ದ," ಎಂದರು. ಸರ್ ನಗಲಿಲ್ಲ, ಆದರೆ ಬಳಪ ನಿಂತಿತು.

ಹತ್ತು ವರ್ಷ ಅವರು ಮಾಡಿದ್ದು ಇದು. ಮೇಲಿನ ಇಬ್ಬರನ್ನು ಗುಣಿಸಿದಾಗ ಕೆಳಗೆ ಯಾರು ಬರುತ್ತಾರೆಂದು ಗೊತ್ತು. ಆದರೆ ಮೇಲೆ ಆ ಮೂವರಲ್ಲಿ ಯಾರು? ಅದನ್ನು ಹೇಳುವ ಕೋಷ್ಟಕಕ್ಕೆ ಕೋಸೈಕಲ್ ಎನ್ನುತ್ತಾರೆ. ಸರ್ ಅದನ್ನು ಬಹುಪಾಲು ಸಂದರ್ಭಗಳಿಗೆ ಬಿಡಿಸಿ, ಎಷ್ಟೋ ಹಾಳೆಗಳ ತುಂಬ ಇಳಿಸಿದ್ದರು. ನನ್ನ ಎರಡನೇ ಅಧ್ಯಾಯ ಪೂರ್ತಿ ಆ ಕೋಷ್ಟಕ. ಮುಂದಿನ ಅಧ್ಯಾಯಗಳೆಲ್ಲ ಅದರ ಮೇಲೆ ನಿಂತಿದ್ದವು.

ಪ್ರತಿ ರವಿವಾರ ನನ್ನ ಓಡಾಟ ಹೀಗಿತ್ತು. ಹಾನಗಲ್ಲಿನಿಂದ ಬೆಳಗಿನ ಬಸ್ಸು, ಶಿಗ್ಗಾಂವಿಯಲ್ಲಿ ಇಳಿದು ಸವಣೂರಿನದು. ನಡುವೆ ಸಿಕ್ಕ ಹೊತ್ತಿನಲ್ಲಿ ಸ್ಟ್ಯಾಂಡಿನ ಹಿಂದಿದ್ದ ಟೈಪಿಂಗ್ ಸಾಹೇಬರ ಅಂಗಡಿ. ಅವರು ಕೋರ್ಟಿನ ಅರ್ಜಿ ಬರೆದು ಟೈಪು ಮಾಡಿ ಹಳಬರಾದವರು. ಥೀಸಿಸ್ಸಿನ ಇಂಗ್ಲಿಷನ್ನು ಅವರು ಹೊಡೆಯುವುದು, ಗಣಿತದ ಚಿಹ್ನೆಗಳಿಗೆ ಜಾಗ ಬಿಡುವುದು, ನಾನು ಆಮೇಲೆ ಕಪ್ಪು ಶಾಯಿಯಲ್ಲಿ ಗ್ರೀಕ್ ಅಕ್ಷರ ತುಂಬುವುದು, ನಾಲ್ಕು ಪ್ರತಿಗೂ.

"ಬಾಯಾರ, ಇದರಾಗ ಅಕ್ಷರಕ್ಕಿಂತ ಖಾಲಿ ಜಾಗಾನ ಜಾಸ್ತಿ ಐತಲ್ರಿ," ಎಂದರು ಒಂದು ಸಲ. "ನನ್ನ ಮಷೀನಿಗೆ ಆರಾಮ. ಸ್ಪೇಸ್‌ ಬಾರ್ ಒಂದ ಸವದು ಹೋಗೈತಿ ನೋಡ್ರಿ."

ಸವಣೂರಿನ ಮನೆಯಲ್ಲಿ ನನ್ನ ಜಾಗ ಬಾಗಿಲ ಹತ್ತಿರದ ಚಾಪೆ. ಅಕ್ಕನವರಿಗೆ ಮಡಿ. ಎರಡು ಬಸ್ಸು ಹತ್ತಿ ಊರನ್ನೆಲ್ಲ ಮುಟ್ಟಿಕೊಂಡು ಬಂದವಳು ನಾನು, ಒಳಗೆ ಹೇಗೆ ಕೂತೇನು? ಸರ್ ಒಳಗೋಡೆಗೆ ಒರಗಿ, ಪಾಟಿಯನ್ನು ಮಡಚಿದ ಮೊಣಕಾಲಿಗೆ ಆನಿಸಿ ಕೂರುತ್ತಿದ್ದರು. ನನಗೆ ಕಾಣುತ್ತಿದ್ದದ್ದು ಪಾಟಿಯ ಬೆನ್ನು. ಅವರು ಬರೆದು, ಒರೆಸಿ, ಕೊನೆಯ ಸಾಲು ಹೇಳುವರು, ನಾನು ಇಳಿಸಿಕೊಳ್ಳುವೆ. ನಾನು ಮನೆಯಲ್ಲಿ ಮಾಡಿಕೊಂಡು ಬಂದ ಫಲಿತಗಳನ್ನು ಓದುವೆ, ಅವರು ಅವನ್ನು ತಮ್ಮ ಲೆಕ್ಕದಲ್ಲಿ ಸೇರಿಸಿ, ಕೋಷ್ಟಕದ ಮುಂದಿನ ಮನೆಗಳನ್ನು ತುಂಬುವರು. ನಾನು ಅವರ ಕ್ಲಾಸಿನಲ್ಲಿ ಕೂತವಳಲ್ಲ, ಎಂ.ಎಸ್ಸಿ. ಮಾಡಿದ್ದು ಬಾಂಬೆಯಲ್ಲಿ. ಅವರ ಬರವಣಿಗೆಯ ರೀತಿ ನನಗೆ ಗೊತ್ತಿರಲಿಲ್ಲ, ಗೊತ್ತಿಲ್ಲ ಎಂಬುದೂ ಗೊತ್ತಿರಲಿಲ್ಲ.

ಅವರದೊಂದು ನೇಮವಿತ್ತು. ಯಾವ ಸೂತ್ರ ಬಂದರೂ ಮೂರರ ಹೊದಿಕೆಗೆ ಹಚ್ಚುವ ಮೊದಲು ಎರಡರ ಹೊದಿಕೆಗೆ, ಒಬ್ಬನ ನೆತ್ತಿಯ ಮೇಲೆ ಇಬ್ಬರೇ ನಿಂತದ್ದಕ್ಕೆ, ಹಚ್ಚಿ ನೋಡಬೇಕು. ಎರಡರದು ಆಗಲೇ ಎಲ್ಲರಿಗೂ ಗೊತ್ತಿದ್ದ ಸಂಗತಿ, ತಾಳೆ ನೋಡಲು ಅನುಕೂಲ. "ಎರಡಕ್ಕ ಕೂಡಿದ್ದು ಮೂರಕ್ಕ ಎಲ್ಲಿ ಹೋಗ್ತದ?" ಎನ್ನುವರು. ಎರಡಕ್ಕೆ ಎಲ್ಲವೂ ಕೂಡಿತು. ಪ್ರತಿ ಸಾಲೂ. ಮಳೆಗಾಲ ಮುಗಿಯುವ ಹೊತ್ತಿಗೆ ಎರಡನೇ ಅಧ್ಯಾಯ ಟೈಪಾಗಿ, ನಾನು ಒಮೇಗಾ ತುಂಬುತ್ತ ಕೂತಿದ್ದೆ. ಲೈಫ್ ವಾಸ್ ಬ್ಯೂಟಿಫುಲ್.

ದೀಪಾವಳಿಯ ಮುಂದೆ ಮೂರನ್ನು ಹಚ್ಚಿದೆ. ಕೂಡಲಿಲ್ಲ.

ಸಾಧಾರಣ ಗ್ರೂಪಿನ ವರ್ಗಗಳು ಒಂದು ಕಡೆ, ಹೊದಿಕೆಯ ವರ್ಗಗಳು ಒಂದು ಕಡೆ. ಎರಡೂ ಬಹುಪಾಲು ಒಂದೇ, ಆದರೆ ಕೆಲವು ಪದಗಳಲ್ಲಿ ಎಡಕ್ಕೆ ಒಮೇಗಾ, ಬಲಕ್ಕೆ ಒಮೇಗಾ ಸ್ಕ್ವೇರ್. ಒಮೇಗಾ ಎಂದರೆ ಒಂದರ ಘನಮೂಲ, ಮೂರು ಸಲ ಗುಣಿಸಿದರೆ ಒಂದಾಗುವ ಸಂಖ್ಯೆ. ಮೊದಲು ಅಳತೆಯ ಮೇಲೆ ಸಂಶಯಪಟ್ಟೆ. ಒಂದೊಂದು ವರ್ಗದ ಪಾಲನ್ನೂ ಇಂಟೆಗ್ರಲ್‌ನಿಂದ ಅಳೆಯುತ್ತೇವೆ, ಅಲ್ಲಿ ಅಳತೆಯ ಮಾಪ ಎರಡು ಕಡೆ ಬೇರೆ ಬೇರೆ ಇದ್ದರೆ ಉತ್ತರ ಕೆಡುತ್ತದೆ. ಆದರೆ ಮಾಪ ತಪ್ಪಿದರೆ ಎರಡೋ, ಮೂರೋ, ಯಾವುದೋ ಧನಸಂಖ್ಯೆ ಹೆಚ್ಚು ಬರಬೇಕು. ಒಮೇಗಾ ಬರಲಾರದು. ಆಮೇಲೆ ನನ್ನ ಕೈಬರಹದ ಪ್ರತಿಯನ್ನು ತಾಳೆ ನೋಡಿದೆ. ಆಮೇಲೆ ಬಿಡಿಬಿಡಿಯಾಗಿ ಸಣ್ಣ ಉದಾಹರಣೆ ಹಾಕಿದೆ. ಪ್ರತಿಸಲ ಬೇರೆ ಕಡೆ ತಪ್ಪುತ್ತಿತ್ತು, ಇದು ನನ್ನನ್ನು ಎಲ್ಲಕ್ಕಿಂತ ಹೆಚ್ಚು ಹೆದರಿಸಿತು. ತಪ್ಪು ಒಂದೇ ಕಡೆ ಇದ್ದರೆ ಹಿಡಿಯಬಹುದು. ಇದು ಅಕ್ಕಿಯಲ್ಲಿ ಬೆರೆತ ಸಣ್ಣ ಹರಳಿನಂತೆ ಎಲ್ಲೆಲ್ಲೋ ಹಲ್ಲಿಗೆ ಸಿಗುತ್ತಿತ್ತು.

"ಎರಡಕ್ಕ ಕೂಡ್ತದ. ಮೂರಕ್ಕ ಯಾಕ ಕೂಡೂದಿಲ್ಲ?" ಸರ್ ಕೇಳಿದರು. "ಎಲ್ಲೋ ನಿನ್ನ ಕೈ ತಪ್ಯದ. ಮತ್ತ ಮಾಡು."

"ಮಾಡೇನ್ರಿ ಸರ್. ಹೋದ ವಾರನೂ ಮಾಡೇನಿ."

"ಹಂಗಾದ್ರ ನನ್ನ ಕೋಷ್ಟಕ ತಪ್ಪು ಅಂತೀಯೇನು?"

ಹಾಗೆ ಅನ್ನುವ ಧೈರ್ಯವಿರಲಿಲ್ಲ, ಪುರಾವೆಯೂ ಇರಲಿಲ್ಲ. ಕೋಷ್ಟಕ ಹುಟ್ಟಿದ ದಾರಿಯನ್ನೆಲ್ಲ ಒದ್ದೆ ಬಟ್ಟೆ ಎಂದೋ ನುಂಗಿತ್ತು.

ಅದೇ ತಿಂಗಳು ನಮ್ಮ ಮನೆಯವರಿಗೆ ಹಿರೇಕೆರೂರಿಗೆ ವರ್ಗವಾಯಿತು. ಅವರು ದನದ ಡಾಕ್ಟರು. ಪೆಟ್ಟಿಗೆ ಕಟ್ಟುತ್ತ, "ನಾ ಹಿರೇಕೆರೂರಾಗ, ನೀ ಹಾನಗಲ್ಲಾಗ, ನಿನ್ನ ಜೀವ ಸವಣೂರಾಗ. ಒಂದು ಸಂಸಾರ, ಮೂರು ಕಡೆ. ಇದ ಏನು ನಿನ್ನ ಕವರಿಂಗ್ ಗ್ರೂಪು?" ಎಂದು ಕೇಳಿದರು.

"ಸುಮ್ನಿರ್ರಿ."

"ಸುಮ್ನ ಹ್ಯಾಂಗಿರಲಿ? ನಮ್ಮ ಎಮ್ಮಿ ಆದ್ರ ಬಾಯಿ ತಗದು ನಾಲಿಗಿ ನೋಡಿ ಹೇಳಬಹುದು. ನಿನ್ನ ರೋಗಿ ಎಲ್ಲೈತಿ ಅಂತನ ಕಾಣೂದಿಲ್ಲ." ಆಮೇಲೆ ದನಿ ಇಳಿಸಿ, "ಬಿಡ್ತೇನಿ ಅಂದ್ರ ಬಿಡು. ನಾ ಏನೂ ಅನ್ನೂದಿಲ್ಲ. ಆದ್ರ ಬಿಟ್ಟಮ್ಯಾಲೆ ನೀ ಸುಮ್ನ ಕೂಡಾಕಿ ಅಲ್ಲ, ಅದ ನನಗ ಅಂಜಿಕಿ," ಎಂದರು.

ಆಗಿನಿಂದ ಒಂದು ರವಿವಾರ ಅಕ್ಕಿಆಲೂರಿನ ಮೇಲೆ ಹಾಯ್ದು ಹಿರೇಕೆರೂರಿಗೆ, ಒಂದು ರವಿವಾರ ಶಿಗ್ಗಾಂವಿಯ ಮೇಲೆ ಸವಣೂರಿಗೆ. ಎಲ್ಲಿದ್ದರೂ ಇನ್ನೊಂದು ಕಡೆ ಇರಬೇಕಿತ್ತು ಎನಿಸುತ್ತಿತ್ತು. ಬಸ್ಸಿನಲ್ಲಿ ತೊಡೆಯ ಮೇಲೆ ಹಾಳೆ ಇಟ್ಟು ಗೀಚುತ್ತಿದ್ದೆ. ಕಂಡಕ್ಟರ್ ನನ್ನನ್ನು ಪೇಪರ್ ತಿದ್ದುವ ಟೀಚರ್ ಎಂದುಕೊಂಡು, "ಪಾಸ್ ಮಾಡಿ ಬಿಡ್ರಿ ಮೇಡಂ, ಪಾಪ," ಎನ್ನುತ್ತಿದ್ದ. ಕ್ಲಾಸಿನಲ್ಲಿ ಬೋರ್ಡಿನ ಕಡೆ ತಿರುಗಿದರೆ ಹೇಳುತ್ತಿದ್ದ ಪಾಠ ಮರೆಯುತ್ತಿತ್ತು. ಸಾರಿಗೆ ಎರಡು ಸಲ ಉಪ್ಪು ಹಾಕುತ್ತಿದ್ದೆ, ಇಲ್ಲವೆ ಹಾಕುತ್ತಲೇ ಇರಲಿಲ್ಲ. ಐ ವಾಸ್ ನಾಟ್ ಎ ಪ್ಲೆಸೆಂಟ್ ಪರ್ಸನ್ ಆ ಚಳಿಗಾಲ.

ಸಂಕ್ರಾಂತಿ ಕಳೆದ ಮೇಲೆ ಒಂದು ರವಿವಾರ ಸವಣೂರಿಗೆ ಹೋದಾಗ ಗಾಳಿ ತಿರುಗಿತ್ತು. ಜಿನ್ನಿಂಗ್ ಫ್ಯಾಕ್ಟರಿಯ ಹತ್ತಿಯ ಧೂಳು ಬಾಗಿಲಿಂದ ಒಳಗೆ ಸುರಿಯುತ್ತಿತ್ತು. ನಾನು ಚಾಪೆಯ ಮೇಲೆ ಕೂತು ಕೆಮ್ಮತೊಡಗಿದೆ. ಅಕ್ಕನವರು ಒಳಗಿನಿಂದ ಬಂದು ನೋಡಿದರು.

"ಏ ಮಗಳ, ಹೊಸ್ತಿಲದಾಗ ಕೂತ್ರ ಮೂಗಿನಾಗ ಗಾದಿ ತಯಾರಾಗ್ತದ. ಒಳಗ ಬಾ. ತಮ್ಮನ ಬಾಜೂಕ ಕೂಡು."

"ಮಡಿ, ಅವ್ವಾರ?"

"ಮಡಿ ಇವತ್ತೊಂದಿನ ಮಲಕೊಳ್ಳಲಿ."

ಅವರು ಬಾಗಿಲು ಮುಂದೆ ಮಾಡಿದರು. ನಾನು ಮೊದಲ ಸಲ ಸರ್ ಪಕ್ಕದಲ್ಲಿ ಕೂತೆ, ಮೊದಲ ಸಲ ಪಾಟಿಯ ಮುಖ ಕಂಡಿತು. ಸರ್ ಒಂದು ಮ್ಯಾಟ್ರಿಕ್ಸ್ ಬರೆದರು. ಅದರ ಎಡಗಡೆಗೆ ಒಂದು ವೆಕ್ಟರ್ ಬರೆದರು, ಅಡ್ಡಡ್ಡಲಾಗಿ, ಸಾಲಿನಂತೆ. ಗುಣಿಸಿದರು. ಬಟ್ಟೆಗೆ ಕೈ ಹಾಕಿದರು.

"ಸರ್, ಒರಸಬ್ಯಾಡ್ರಿ," ಎಂದೆ. ಅವರ ಕೈ ಹಿಡಿದುಬಿಟ್ಟಿದ್ದೆ. "ನೀವು ವೆಕ್ಟರನ್ನ ಮಲಗಸ್ತೀರಿ?"

"ಮತ್ತ? ಬರೆಯೂದು ಎಡದಿಂದ ಬಲಕ್ಕ ಅಲ್ಲೇನು? ನೀ ಏನು ಮಾಡ್ತಿ?"

"ನಿಲ್ಲಸ್ತೇನ್ರಿ. ಮ್ಯಾಟ್ರಿಕ್ಸಿನ ಬಲಕ್ಕ."

ಸರ್ ಬಳಪ ಕೆಳಗಿಟ್ಟರು. ಇಬ್ಬರಿಗೂ ಒಂದೇ ಕ್ಷಣದಲ್ಲಿ ತಿಳಿಯಿತು. ವೆಕ್ಟರ್ ಎಡಕ್ಕೆ ಮಲಗಿದ್ದರೆ ಮೊದಲು ಬರೆದ ಮ್ಯಾಟ್ರಿಕ್ಸ್ ಮೊದಲು ಕೆಲಸ ಮಾಡುತ್ತದೆ. ಬಲಕ್ಕೆ ನಿಂತಿದ್ದರೆ ಕೊನೆಗೆ ಬರೆದದ್ದು ಮೊದಲು. ಎರಡೂ ಸರಿ, ಎರಡೂ ಪುಸ್ತಕಗಳಲ್ಲಿವೆ. ಆದರೆ ಒಂದರಿಂದ ಇನ್ನೊಂದಕ್ಕೆ ಹೋದರೆ ಗುಣಾಕಾರದ ಅನುಕ್ರಮ ತಿರುವುಮುರುವಾಗುತ್ತದೆ, ಕೋಷ್ಟಕದಲ್ಲಿ ಒಮೇಗಾ ಇದ್ದಲ್ಲಿ ಅದರ ವಿಲೋಮ, ಅಂದರೆ ಒಮೇಗಾ ಸ್ಕ್ವೇರ್, ಬರುತ್ತದೆ. ಎರಡರ ಹೊದಿಕೆಯಲ್ಲಿ ಬರುವ ಬೆಲೆಗಳು ಒಂದು ಮತ್ತು ಋಣ ಒಂದು ಮಾತ್ರ. ಋಣ ಒಂದರ ವಿಲೋಮ ಋಣ ಒಂದೇ. ಆ ಲೋಕದಲ್ಲಿ ಮುಂದಕ್ಕೆ ನಡೆದರೂ ಹಿಂದಕ್ಕೆ ನಡೆದರೂ ಮುಟ್ಟುವುದು ಅದೇ ಊರು. ಅದಕ್ಕೇ ಅವರ ನೇಮದ ಪರೀಕ್ಷೆಗಳಲ್ಲೆಲ್ಲ ನಾವು ಪಾಸಾಗಿದ್ದೆವು.

ಅಕ್ಕನವರು ಒಳಬಾಗಿಲಲ್ಲಿ ನಿಂತಿದ್ದರು. "ಏನಾತು? ಇಬ್ಬರೂ ಹಲ್ಲಿ ಬಿದ್ದವರಂಗ ಕೂತೀರಿ."

"ಅಕ್ಕಾ, ನಾ ಮಲಗಸ್ತೇನಿ, ಈಕಿ ನಿಲ್ಲಸ್ತಾಳ," ಎಂದರು ಸರ್.

"ಹತ್ತು ಹರದಾರಿಯಿಂದ ಬಂದು ಇಷ್ಟು ದಿನ ಅದನ್ನ ಕೇಳ್ಕೊಂಡಿಲ್ಲೇನು ನೀವು?"

ಕೇಳಿಕೊಂಡಿರಲಿಲ್ಲ. ಇಡೀ ಕೋಷ್ಟಕವೇ ಅವರ ರೀತಿಯದಾಗಿದ್ದರೆ ಎಲ್ಲ ಮನೆಗಳನ್ನೂ ಒಮ್ಮೆಲೇ ತಿರುವಬಹುದಿತ್ತು, ಒಂದು ಮಧ್ಯಾಹ್ನದ ಕೆಲಸ. ಆದರೆ ನನ್ನ ಫಲಿತಗಳು ಅವರ ಕೋಷ್ಟಕದೊಳಗೆ ಇಳಿದಿದ್ದವು, ಅವುಗಳಿಂದ ಹೊಸ ಮನೆಗಳು ಹುಟ್ಟಿದ್ದವು, ಹುಟ್ಟಿದ ದಾರಿ ಒರೆಸಿ ಹೋಗಿತ್ತು. ಯಾವ ಮನೆ ಮಲಗಿದ್ದು, ಯಾವುದು ನಿಂತದ್ದು, ಹೇಳುವವರಿಲ್ಲ.

"ಮತ್ತ ಮೊದಲಿಂದ ಮಾಡೂಣು," ಎಂದರು ಸರ್. ಅವರ ಒಂದು ಕಣ್ಣಿಗೆ ಆಗಲೇ ಪೊರೆ ಬಂದಿತ್ತು. ಹತ್ತು ವರ್ಷದ ಕೆಲಸವನ್ನು ಏಪ್ರಿಲ್ ಒಳಗೆ ಮಾಡುವುದು ಅಸಾಧ್ಯವೆಂದು ಅವರಿಗೂ ಗೊತ್ತಿತ್ತು. ನಾನು ಹೂಂ ಎಂದು ಎದ್ದೆ.

ಬಸ್ಸಿಗೆ ಹೊತ್ತಿತ್ತು. ಸ್ಟ್ಯಾಂಡಿನಲ್ಲಿ ಕೂರಲಾಗದೆ ಆ ತುದಿಯಿಂದ ಈ ತುದಿಗೆ ಅಡ್ಡಾಡಿದೆ. ಭೋಂಗಾ ಕೂಗಿತು. ತಲೆಯ ಮೇಲೆ ಹತ್ತಿಯ ಎಳೆ ಮೆತ್ತಿಕೊಂಡ ಹೆಂಗಸರ ಗುಂಪು ಸ್ಟ್ಯಾಂಡಿನ ಪಕ್ಕದ ಫ್ಯಾಕ್ಟರಿ ಗೇಟಿನಿಂದ ಹೊರಗೆ ಬಂತು, ಇನ್ನೊಂದು ಗುಂಪು ಒಳಗೆ ಹೋಯಿತು. ಪಾಳಿಯ ಗಡಿಯಾರ ಮತ್ತೆ ಸೊನ್ನೆಗೆ. ಸುಮ್ಮನೆ, ಬೇರೆ ಏನೂ ಮಾಡಲಾಗದ್ದಕ್ಕೆ, ಹಳೆಯ ಉದಾಹರಣೆಯನ್ನೇ ಮನಸ್ಸಿನಲ್ಲಿ ಆಡಿಸಿದೆ. ಕೆಳಗೆ ಎರಡು; ಮೇಲೆ ಎರಡು, ಹತ್ತು, ಹದಿನೆಂಟು. ಮೂರರಿಂದ ಗುಣಿಸಿದೆ. ಎರಡು ಮೂರಲೆ ಆರು. ಹತ್ತು ಮೂರಲೆ ಮೂವತ್ತು, ಇಪ್ಪತ್ನಾಲ್ಕು ಕಳೆದರೆ ಆರು. ಹದಿನೆಂಟು ಮೂರಲೆ ಐವತ್ನಾಲ್ಕು, ಎರಡು ದಿನ ಕಳೆದರೆ ಮತ್ತೆ ಆರು.

ನಿಂತುಬಿಟ್ಟೆ. ಯಾವ ಪಾಳಿಯವನನ್ನು ಆರಿಸಿದರೂ ಮೂರು ಪಟ್ಟು ಮಾಡಿದರೆ ಒಂದೇ ಹೊತ್ತು.

ಗಡಿಯಾರದಲ್ಲಿ ಮೂರು ಪಟ್ಟು ಅಂದರೆ ನಮ್ಮ ಗ್ರೂಪಿನಲ್ಲಿ ಘನ, ಎರಡು ಗ್ರೂಪುಗಳನ್ನು ಹೋಲಿಸುವಲ್ಲಿ ಅದು ಹೇಗೂ ಇತ್ತು. ಕೆಳಗಿನ ಸದಸ್ಯನನ್ನು ಮೂರು ಸಲ ತನ್ನಿಂದಲೇ ಗುಣಿಸಿ, ಆ ಘನದ ಮೇಲೆ ನಿಂತ ಮೂವರಲ್ಲಿ ಒಬ್ಬನನ್ನು ಕೋಷ್ಟಕ ನೋಡಿ ಆರಿಸುತ್ತಿದ್ದೆವು. ಆರಿಸುವುದಕ್ಕಾಗಿಯೇ ಕೋಷ್ಟಕ ಬೇಕಾಗಿತ್ತು. ಅದರ ಬದಲು ಮೊದಲು ಮೇಲೆ ಹತ್ತಿ, ಮೂವರಲ್ಲಿ ಯಾರನ್ನಾದರೂ ಹಿಡಿದು, ಆಮೇಲೆ ಘನ ಮಾಡಿದರೆ? ಯಾರನ್ನು ಹಿಡಿದೆವು ಎಂಬುದು ಅಳಿಸಿ ಹೋಗುತ್ತದೆ, ಒಮೇಗಾದ ಘನ ಒಂದೇ ತಾನೆ. ಮಲಗಿಸಿದರೂ ಸರಿ, ನಿಲ್ಲಿಸಿದರೂ ಸರಿ. ಕೋಷ್ಟಕವೇ ಬೇಡ.

ಬಸ್ಸಿನಲ್ಲಿ ಶಿಗ್ಗಾಂವಿಯ ತನಕ ಸಂತೋಷಪಟ್ಟೆ. ಶಿಗ್ಗಾಂವಿಯಿಂದ ಹಾನಗಲ್ಲಿನ ತನಕ ಸಂಕಟಪಟ್ಟೆ. ಕೋಷ್ಟಕವೇ ಬೇಡ ಎಂದರೆ ಎರಡನೇ ಅಧ್ಯಾಯ ಬೇಡ. ಅಂದರೆ ಸರ್ ಅವರ ಹತ್ತು ವರ್ಷ ಬೇಡ. ಮತ್ತು ಅವರ ಸಹಿ ಇಲ್ಲದೆ ಥೀಸಿಸ್ ಇಲ್ಲ.

ಬುಧವಾರವೇ ಕಾಲೇಜಿಗೆ ರಜೆ ಹಾಕಿ ಹೊರಟೆ. ಶಿಗ್ಗಾಂವಿಯಲ್ಲಿ ಸಾಹೇಬರಿಗೆ, "ಎರಡನೇ ಅಧ್ಯಾಯ ರದ್ದು. ಹೊಸಾದು ತರ್ತೇನಿ," ಎಂದೆ.

ಅವರು ಕನ್ನಡಕ ಹಣೆಗೇರಿಸಿದರು. "ಪೂರಾ? ಬಾಯಾರ, ನನ್ನ ಮೂವತ್ತು ವರ್ಷದ ಸರ್ವಿಸ್ಸಿನಾಗ ಇಷ್ಟು ಛಂದ ಮಾರ್ಜಿನ್ ಯಾವ ಕೇಸಿಗೂ ಬಿಟ್ಟಿದ್ದ ಇಲ್ಲ. ಜಡ್ಜ್ ಸಾಹೇಬ್ರು ನೋಡಿದ್ರ ಆರೋಪಿನ ಬಿಟ್ಟ ಬಿಡ್ತಿದ್ರು."

ಸವಣೂರಿನಲ್ಲಿ ಪಡಸಾಲೆಗೆ ಹೋಗಿ, ಚಾಪೆಯ ಬಳಿ ನಿಂತೇ ಹೇಳಿದೆ. ಸರ್ ಪಾಟಿ ತೆಗೆದರು. ಒಬ್ಬನನ್ನು ಬರೆದು, ಒಮೇಗಾದಿಂದ ಗುಣಿಸಿ, ಘನ ಮಾಡಿದರು. ಒಮೇಗಾ ಹೋಯಿತು. ಒರೆಸಿದರು.

"ಘನ ಅಲ್ಲದ ವರ್ಗಗಳು?"

"ಅವನ್ನ ಒಮೇಗಾದಿಂದ ಗುಣಿಸಿದ್ರೂ ಅದ ವರ್ಗದಾಗ ಇರ್ತಾವ್ರಿ. ಅವುಗಳ ಇಂಟೆಗ್ರಲ್ ಒಮೇಗಾದಿಂದ ಗುಣಿಸಿದ ಮ್ಯಾಲೂ ಅಷ್ಟ ಇರಬೇಕು. ಅಂದ್ರ ಸೊನ್ನಿ. ಅಲ್ಲಿಯೂ ಕೋಷ್ಟಕ ಬೇಕಾಗೂದಿಲ್ಲ."

ಸರ್ ಒದ್ದೆ ಬಟ್ಟೆಯನ್ನು ಮಡಚಿ ಬದಿಗಿಟ್ಟರು. "ಹಂಗಾದ್ರ ನನ್ನ ಕೋಷ್ಟಕ ಬ್ಯಾಡ."

"ಬ್ಯಾಡ್ರಿ ಸರ್." ಕಾನ್ವೆಂಟಿನಲ್ಲಿ ಇಂಥದ್ದಕ್ಕೆ ಎಷ್ಟೊಂದು ನಯದ ವಾಕ್ಯ ಕಲಿಸಿದ್ದರು.

"ನಿನ್ನ ಹಾಳಿ ಇಟ್ಟು ಹೋಗು. ನೋಡ್ತೇನಿ."

ಇಟ್ಟು ಬಂದೆ. ವಾರ ಕಳೆಯಿತು, ಇನ್ನೊಂದು ಕಳೆಯಿತು. ಒಂದು ಕಾರ್ಡೂ ಬರಲಿಲ್ಲ. ನಾನು ಹಿರೇಕೆರೂರಿನಲ್ಲಿ, ದನದ ದವಾಖಾನೆಯ ಹಿಂದಿನ ಕ್ವಾರ್ಟರ್ಸಿನಲ್ಲಿ ಕೂತು ಹೊಸ ಅಧ್ಯಾಯ ಬರೆದೆ. ಹೊರಗೆ ಅಬಲೂರಿನಿಂದಲೋ ಮತ್ತೆಲ್ಲಿಂದಲೋ ತಂದ ಎತ್ತುಗಳು ಒದರುತ್ತಿದ್ದವು. ನಮ್ಮ ಮನೆಯವರು ಕೈ ತೊಳೆದುಕೊಂಡು ಬಂದು, "ರೋಗಿ ಹ್ಯಾಂಗದಾನು?" ಎಂದು ಕೇಳುವರು. "ಬದಕ್ಯಾನು, ಆದ್ರ ಡಾಕ್ಟರ್ ಸಿಟ್ಟಾಗ್ಯಾರ," ಎನ್ನುವೆ. ಹಳೆಯದು ಅರವತ್ತು ಪುಟವಿದ್ದದ್ದು ಹೊಸದು ಒಂಬತ್ತು ಪುಟವಾಯಿತು. ಅದೂ ಒಂದು ಹೆದರಿಕೆ. ಇಷ್ಟು ಸಣ್ಣದು ಸರಿಯಿರಬಹುದೇ?

ಮಾರ್ಚ್ ಕೊನೆಗೆ ಒಂಬತ್ತು ಪುಟವನ್ನು ಸಾಹೇಬರಿಗೆ ಕೊಟ್ಟು, ಒಂದು ಪ್ರತಿಯನ್ನು ಟಪಾಲಿನಲ್ಲಿ ಸವಣೂರಿಗೆ ಕಳಿಸಿದೆ. ಮುಂದಿನ ವಾರ ಶಿಗ್ಗಾಂವಿಯಲ್ಲಿ ಇಳಿದರೆ ಸಾಹೇಬರ ಮಷೀನಿಗೆ ಮುಸುಕು ಹಾಕಿತ್ತು.

"ನಿಮ್ಮ ಗುರುಗಳು ಬಂದಿದ್ರಿ ಬಾಯಾರ. ಖುದ್ದು. ಕೋಲು ಊರಕೊಂಡು. ಎರಡನೇದು ಟೈಪ್ ಮಾಡಬ್ಯಾಡ, ನಿಲ್ಲಸು ಅಂದ್ರು. ಚಾ ಕುಡೀರಿ ಅಂದ್ರ ಅದೂ ಒಲ್ಲೆ ಅಂದ್ರು."

ಸವಣೂರಿನ ಬಸ್ಸಿನಲ್ಲಿ ಏನು ಯೋಚಿಸಿದೆನೋ ನೆನಪಿಲ್ಲ. ನಿಂತುಕೊಂಡೇ ಹೋದೆ, ಸೀಟಿದ್ದರೂ.

ಬಾಗಿಲಲ್ಲಿ ಚಾಪೆಯಿರಲಿಲ್ಲ. ಒಳಗೋಡೆಯ ಬಳಿ ಸರ್ ಪಕ್ಕದಲ್ಲಿ ಹಾಸಿತ್ತು. "ಕೂಡು," ಎಂದರು. "ಘನ ಮಾಡಿದ್ದಿ, ಛಲೋ ಆತು. ಒಂದ ಘನ ಇಬ್ಬರದು ಇದ್ರ?"

ನನಗೆ ಅರ್ಥವಾಗಲಿಲ್ಲ. ಅವರು ಪಾಟಿಯ ಮೇಲೆ ಒಂದು ಕರ್ಣ ಮ್ಯಾಟ್ರಿಕ್ಸ್ ಬರೆದರು. ಅದರ ಒಂದು ಸಂಖ್ಯೆಗೆ ಒಮೇಗಾ, ಇನ್ನೊಂದಕ್ಕೆ ಒಮೇಗಾ ಸ್ಕ್ವೇರ್ ಗುಣಿಸಿದರು. ಬೇರೆಯೇ ಸದಸ್ಯ. ಘನ ಮಾಡಿದರೆ ಅದೇ ಘನ. ನಾನು ಒಂದು ಘನಕ್ಕೆ ಒಬ್ಬನೇ ಒಡೆಯನೆಂದು ಎಣಿಸಿದ್ದೆ. ಗಡಿಯಾರದಲ್ಲಿ ಹಾಗೆಯೇ ಇತ್ತು, ಮೂರು ಪಟ್ಟು ನೋಡಿ ಕೆಳಗಿನ ತಾಸು ಯಾವುದೆಂದು ಹೇಳಬಹುದಿತ್ತು. ಭೋಂಗಾ ನನಗೆ ಅರ್ಧ ಸತ್ಯವನ್ನಷ್ಟೇ ಹೇಳಿತ್ತು. ಒಂದು ಘನದ ಒಡೆಯರನ್ನೆಲ್ಲ ಕೂಡಿಸದಿದ್ದರೆ ಒಂದು ಕಡೆಯ ಮೊತ್ತ ಕಡಿಮೆ ಬೀಳುತ್ತದೆ. ಪರೀಕ್ಷಕರು ಮೊದಲ ಓದಿನಲ್ಲೇ ಹಿಡಿಯುತ್ತಿದ್ದರು.

"ಇದಕ್ಕ ಟೈಪ್ ನಿಲ್ಲಸಿದ್ರಿ?"

"ಮತ್ತ್ಯಾತಕ್ಕ? ತಪ್ಪು ಟೈಪ್ ಆಗಬಾರದಲ್ಲಾ."

"ನೀವು ಸಿಟ್ಟಾಗೀರಿ ಅಂತ ಅನಕೊಂಡಿದ್ದೆ."

"ಆಗಿದ್ದ. ಹದಿನೈದು ದಿನ ಊಟದಾಗ ಒಂದು ಮಾತಿಲ್ಲ," ಎಂದು ಅಕ್ಕನವರು ಒಳಗಿನಿಂದಲೇ ಹೇಳಿದರು. "ಆಮ್ಯಾಲೆ ಒಂದಿನ ಮುಂಜಾನೆ ಪಾಟಿ ತಗೊಂಡ."

ಆ ಕೊರತೆಯನ್ನು ಇಬ್ಬರೂ ಸೇರಿ ಅಂದೇ ತುಂಬಿದೆವು. ಅವರು ಮಲಗಿಸಿದರು, ನಾನು ನಿಲ್ಲಿಸಿದೆ, ಎರಡು ರೀತಿಯಲ್ಲೂ ಉತ್ತರ ಒಂದೇ ಬಂತು. ಮೂರಕ್ಕೆ ಕೂಡಿತು. ಒಂಬತ್ತು ಪುಟ ಹನ್ನೊಂದಾಯಿತು. ಪ್ರಮಾಣಪತ್ರಕ್ಕೆ ಅವರು ಅಲ್ಲಿಯೇ ಸಹಿ ಹಾಕಿದರು, ಹಾಳೆಯನ್ನು ಪಾಟಿಯ ಮೇಲಿಟ್ಟುಕೊಂಡು. ಥೀಸಿಸ್ ಏಪ್ರಿಲ್ ಮುಗಿಯುವ ಮೊದಲೇ ಧಾರವಾಡ ಮುಟ್ಟಿತು. ದೂರದ ದೇಶಗಳಲ್ಲಿ ಇದನ್ನೇ ಇನ್ನೂ ವಿಸ್ತಾರವಾಗಿ, ಎಲ್ಲ ಹೊದಿಕೆಗಳಿಗೂ ಮಾಡಿದ್ದರೆಂದು ನನಗೆ ಆಮೇಲೆ ತಿಳಿಯಿತು. ನಮ್ಮದು ಸಣ್ಣ ಪ್ರಮೇಯ. ಆದರೆ ತಪ್ಪಿಲ್ಲದ್ದು.

ವೈವಾ ಮುಗಿದು ಪದವಿ ಬಂದ ಮೇಲೆ ಪೇಢೆ ತೆಗೆದುಕೊಂಡು ಸವಣೂರಿಗೆ ಹೋದೆ. ನಾನೂ ಹಿರೇಕೆರೂರಿನ ಕಡೆಗೆ ಬದಲಿ ಕೇಳಿಕೊಂಡಿದ್ದೆ. ಇನ್ನು ಪ್ರತಿವಾರ ಬರುವುದಾಗದು ಎಂದು ಹೇಳಬೇಕಿತ್ತು. ಅಕ್ಕನವರು ಪೇಢೆಯನ್ನು ದೇವರ ಮುಂದಿಟ್ಟು, ಮನೆಯವರಿಗೆಂದು ಸವಣೂರಿನ ವೀಳ್ಯದೆಲೆ ಕಟ್ಟಿಕೊಟ್ಟರು. ಸರ್ ಗೋಡೆಗೆ ಒರಗಿ ಬರೆಯುತ್ತಿದ್ದರು.

"ಏನು ಮಾಡಾಕತ್ತೀರಿ ಸರ್?"

"ಕೋಷ್ಟಕ. ಮೊದಲಿಂದ. ಮೂರಕ್ಕ."

ಅದು ಈಗ ಯಾರಿಗೂ ಬೇಕಾಗಿರಲಿಲ್ಲ. ಅದು ಅವರಿಗೆ ಗೊತ್ತಿತ್ತು, ನನಗೂ ಗೊತ್ತಿತ್ತು. ನಾನು ಪಕ್ಕದಲ್ಲಿ ಕೂತೆ. ಕಿರಕ್, ಕಿರಕ್. ಪಾಟಿಯ ಮೇಲ್ಮೂಲೆಯಲ್ಲಿ ಸಣ್ಣದೊಂದು ಅಡ್ಡ ಸಾಲು ಬರೆದು, ಅದರ ಬಲಕ್ಕೆ ಒಂದು ಚೌಕ ಹಾಕಿದ್ದರು: ವೆಕ್ಟರ್ ಮಲಗಿದೆ, ಮ್ಯಾಟ್ರಿಕ್ಸಿನ ಎಡಕ್ಕೆ. ಲೆಕ್ಕ ತುಂಬಿತು. ಅವರು ಒದ್ದೆ ಬಟ್ಟೆ ತೆಗೆದುಕೊಂಡು ಕೆಳಗಿನಿಂದ ಮೇಲಕ್ಕೆ ಒರೆಸುತ್ತ ಬಂದರು. ಮೂಲೆ ಬಂದಾಗ ಕೈ ನಿಧಾನವಾಯಿತು. ಮುಖವನ್ನು ಪಾಟಿಯ ಹತ್ತಿರಕ್ಕೆ ತಂದು, ಆ ಸಣ್ಣ ಗುರುತನ್ನು ಉಳಿಸಿ ಸುತ್ತಲೂ ಒರೆಸಿದರು.

ಭೋಂಗಾ ಕೂಗಿತು, ನನ್ನ ಬಸ್ಸಿನ ಹೊತ್ತು. "ಬರ್ತೇನ್ರಿ ಸರ್," ಎಂದೆ. ಅವರು ತಲೆ ಎತ್ತದೆ, ಹೂಂ, ಎಂದು ಮುಂದಿನ ಸಾಲು ಶುರು ಮಾಡಿದರು. ಅವರನ್ನು ನಾನು ಕೊನೆಯದಾಗಿ ನೋಡಿದ್ದು ಹಾಗೆ.